ಕೆಂಪು ದಾರದ ಚಪ್ಪಲಿ

ನಂಬಿದರೆ ನಂಬಿ, ನನ್ನ ಟೈಲರ್ ಅಂಗಡಿಯ ಟ್ರಯಲ್ ರೂಮಿನೊಳಗೆ ಹೋಗಿ ಪರದೆ ಎಳೆದು ಹೊರಬಂದರೆ ಹಿಂದಿನ ದಿನ ಇರುತ್ತಿತ್ತು. ಹೆಂಡತಿಯ ಆಪರೇಷನ್‌ಗೆ ಕಾಸಿಲ್ಲದೆ ಕಂಗಾಲಾಗಿದ್ದೆ. ಹಿಂದಕ್ಕೆ ಹೋಗಿ ಗೆಲ್ಲುವ ಲಾಟರಿ ಚೀಟಿ ಕೊಂಡು, ಅದೇ ಪರದೆ ದಾಟಿ ಇಂದಿಗೆ ತಂದೆ. ಯಾರ ಕಣ್ಣಿಗೂ ಬೀಳಬಾರದೆಂದು ಸಣ್ಣ ಬಹುಮಾನದ್ದು ಮಾತ್ರ. ಹಾಗೆ ಐದು ಸಲ ಹೋಗಿಬಂದೆ. ಪ್ರತಿ ಸಲವೂ ಪರದೆಯ ಹಿಂದೆ ಯಾರೋ ನನ್ನಂತೆಯೇ ಕೆಮ್ಮುತ್ತಿದ್ದರು.

ಹಣ ಹಿಡಿದು ಆಸ್ಪತ್ರೆಗೆ ಓಡಿದೆ. ಮಂಚ ಖಾಲಿಯಿತ್ತು.

“ಆಪರೇಷನ್ ಬೇಡ ಅಂತ ಬೆಳಿಗ್ಗೆ ನೀವೇ ಕರ್ಕೊಂಡು ಹೋದ್ರಲ್ಲ!” ಎಂದಳು ನರ್ಸ್.

ಮನೆಗೆ ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ.

“ಯಾರೋ ಬಂದಿದ್ದಾರೆ, ನೋಡ್ರೀ,” ಒಳಗೆ ನನ್ನ ಹೆಂಡತಿಯ ದನಿ.

ಬಾಗಿಲ ಹೊರಗೆ ಐದು ಜೊತೆ ಚಪ್ಪಲಿಗಳಿದ್ದವು. ಐದರಲ್ಲೂ ಕಿತ್ತ ಬಾರನ್ನು ಕೆಂಪು ದಾರದಲ್ಲಿ ಹೊಲಿದವನು ನಾನೇ. ಆರನೆಯ ಜೊತೆ ನನ್ನ ಕಾಲಲ್ಲಿತ್ತು.