ಗೊಬ್ಬೂರಕರ, ಎಸ್.

“ನನ್ನ ಹೆಸರು ಎಲ್ಲಿ ಹೋತ್ರಿ, ವಾಮನರಾವ್?”

ಸುಲಭಾಳ ದನಿಗೆ ಟೈಪ್‌ರೈಟರ್ ಗಕ್ಕನೆ ನಿಂತಿತು.

ಹೋದ ವಾರ ಹಿರಿಯರು ಅವರಿಬ್ಬರ ಮದುವೆ ಗೊತ್ತುಮಾಡಿದ ಮೇಲೆ ಇಬ್ಬರೂ ಎದುರಾಬದುರಾದದ್ದು ಇದೇ ಮೊದಲು!

ಆಳಂದದ ತೊಗರಿ ಸಂಶೋಧನಾ ಕೇಂದ್ರದಲ್ಲಿ ಇಬ್ಬರೂ ಸಹಾಯಕರು. ನಿಂತ ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗದ ಮೇಲೆ ಜೊತೆಯಾಗಿ ಬರೆದ ಲೇಖನ ನಾಳೆ ದೆಹಲಿಯ ಪತ್ರಿಕೆಗೆ ಹೋಗಬೇಕು. ಆ ಪತ್ರಿಕೆಯದು ಬಲು ಶಿಸ್ತು. ಕೊನೆಯ ಆಕರ ಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಹೆಸರಿನ ಒಂದೇ ಅಕ್ಷರ, ಆಮೇಲೆ ವರ್ಷ.

ಆ ಪಟ್ಟಿಯಲ್ಲಿ ಸುಲಭಾ ಗೊಬ್ಬೂರಕರಳ, ಇನ್ನೂ ಅಚ್ಚಾಗಬೇಕಿದ್ದ ಇನ್ನೊಂದು ಲೇಖನದ ಮುಂದೆ ಹೆಸರಿನ ಜಾಗ ಖಾಲಿ. ಮೊದಲ ಪುಟದಲ್ಲಿ ವಾಮನ ಪೂಜಾರಿಯ ಹೆಸರಿನ ಪಕ್ಕದಲ್ಲೂ ಖಾಲಿ!

‘ನಿಂಬರ್ಗಾದ ಹೊಲಗಳ ಬಿಸಿಲಲ್ಲಿ ಬೇರು ಸೀಳಿ ಸೀಳಿ ನೋಡಿದವಳು ನಾನು... ಇವರೂ ಎಲ್ಲರಂತೆಯೇ?’

“ಲಗ್ನ ಗೊತ್ತಾದ ಕೂಡ್ಲೇ ನಾ ನಿಮ್ಮ ನೆರಳಾದೆನೇನ್ರಿ?”

ಪಕ್ಕದ ಮೇಜಿನ ಗುಮಾಸ್ತ ಚಮನಸಾಬ ಮೆಲ್ಲಗೆ ಎದ್ದ. “ಮುಂಜಾನಿಂದ ಘಳಿಗಿಗೊಮ್ಮೆ ಅದೇ ಜಾಗಾ ನೋಡ್ಕೋತ ಕುಂತಾರ್ರಿ ಬಾಯಾರ... ನಾ ಚಾ ಕುಡ್ದು ಬರ್ತೇನಿ!”

ಬಾಗಿಲು ಮುಚ್ಚಿತು.

“ಅಳಿಸಿಲ್ರಿ,” ಎಂದ ವಾಮನ. “ನಮ್ಮ ಮನ್ಯಾಗ ಲಗ್ನದ ದಿನ ಸೊಸಿ ಹೆಸರು ಬದಲಿ ಮಾಡ್ತಾರ. ತಾಟಿನಾಗ ಅಕ್ಕಿ ಹರವಿ, ಮದುಮಗ ಉಂಗುರದಿಂದ ಹೊಸ ಹೆಸರು ಬರೀಬೇಕು. ಅವ್ವ ಆಗ್ಲೇ ‘ವಸುಧಾ’ ಅಂತ ಆರಿಸ್ಯಾಳ.”

ಸುಲಭಾ ಆ ಹೆಸರನ್ನು ಮೆಲ್ಲಗೆ ಹೇಳಿ ನೋಡಿದಳು. “ವಸುಧಾ ಪೂಜಾರಿ...”

“ಹೌದ್ರಿ. ಈ ಪತ್ರಿಕಿ ಪದ್ಧತ್ಯಾಗ ನೀವು ‘ಪೂಜಾರಿ, ವಿ.’ ನಾನೂ ‘ಪೂಜಾರಿ, ವಿ.’! ಮುಂದ ನೀವು ಏನ ಬರೆದ್ರೂ ಜನ ನಂದೇ ಅಂತಾರ. ನಿಮ್ಮ ದುಡಿಮಿ ನನ್ನ ಹೆಸರಿನಾಗ ಮುಳುಗ್ತದ.”

“ಹಂಗಂತ ಖಾಲಿ ಬಿಡೂದಾ?”

“ನಿಮ್ಮ ಹೆಸರು ಯಾವ್ದಿರಬೇಕಂತ ನಾ ಹೆಂಗ ಹೇಳ್ಲಿ? ನೀವೇ ಒತ್ರಿ.” ಅವನು ಕುರ್ಚಿ ಬಿಟ್ಟು ಎದ್ದ.

ಸುಲಭಾ ಕುಳಿತು ಒತ್ತಿದಳು.

ಗೊಬ್ಬೂರಕರ, ಎಸ್.

ಪಟ್ಟಿಯಲ್ಲೊಮ್ಮೆ, ಮೊದಲ ಪುಟದಲ್ಲೊಮ್ಮೆ.

“ಅಕ್ಕಿ ಮ್ಯಾಲೂ ನಂದೇ ಹೆಸರು ಇರ್ಬೇಕ್ರಿ. ಇಲ್ಲಾಂದ್ರ ಈ ಲಗ್ನ ಬ್ಯಾಡ.” ಹೇಳಿಯೇಬಿಟ್ಟಳು! ಅವನ ಮುಖ ನೋಡಿದಳು.

ವಾಮನ ನಕ್ಕ. “ನಿನ್ನೆನೇ ನಮ್ಮೂರು ಗಾಣಗಾಪುರಕ್ಕ ಹೋಗಿದ್ದೆ. ‘ಆಕಿ ಯಾವ ಹೆಸರಂತಾಳೋ ಅದನ್ನ ಬರೀತೇನಿ’ ಅಂತ ಅವ್ವಗ ಹೇಳಿ ಬಂದೇನಿ.”

“ಅವ್ರೇನಂದ್ರು?”

“ಮೊದ್ಲು ಮುಖಾ ತಿರುವಿದ್ಲು. ಆಮ್ಯಾಲೆ, ‘ಹೆಸರು ಇರ್ಲಿ ಬಿಡು, ಹುಡುಗಿ ಬರ್ಲಿ’ ಅಂದ್ಲು. ನನಗೂ ಅಷ್ಟೇ ಬೇಕ್ರಿ... ನೀವು, ಇದ್ದಂಗ.”

ಸುಲಭಾಳ ಕಣ್ಣು ತುಂಬಿತು. ಆದರೂ ತುಟಿ ತುಂಟವಾಯಿತು. “ನೆನಪಿರ್ಲಿ, ಅಕ್ಷರಗಳ ಸಾಲಿನಾಗ ‘ಗ’ ಮೊದ್ಲು. ‘ಪ’ ಭಾಳ ಹಿಂದ!”

“ನೀವು ಮುಂದ ನಡೀರಿ,” ಎಂದ ಅವನು, “ನಾ ಹಿಂದಿಂದನ ಬರ್ತೇನಿ.”