ಎರಡನೆಯ ಪ್ರೊಸೆಸರಿನ ಮೈನಸ್ ಒಂದು

ಆರು ಮಕ್ಕಳ ಎದೆಬಡಿತ ಸರಿಯಾಗಿ ಕೇಳಿಸಿತು. ಏಳನೆಯ ಮಗುವಿನದು ನಡುವೆಯೇ ನಿಂತುಹೋಯಿತು.

ಡಾಕ್ಟರಮ್ಮ ಕಿವಿಯಿಂದ ಹೆಡ್‌ಫೋನ್ ತೆಗೆದು ಟೇಪಿನ ಕಡೆ ನೋಡಿದರು. ಟೇಪು ತಿರುಗುತ್ತಲೇ ಇತ್ತು. ಸದ್ದು ಮಾತ್ರ ಇರಲಿಲ್ಲ. ಎಂಟನೆಯ ಮಗು? ಇಲ್ಲ. ಒಂಬತ್ತನೆಯದು? ಇಲ್ಲ. ಹದಿನೆಂಟರವರೆಗೂ ಅದೇ ಮೌನ.

ಮಕ್ಕಳೇನೋ ದೇವರ ದಯೆಯಿಂದ ತಮ್ಮ ತಮ್ಮ ಮನೆಗಳಲ್ಲಿ ಆಡಿಕೊಂಡಿದ್ದರು. ಅಳಿಸಿಹೋದದ್ದು ಅವರ ಎದೆಬಡಿತದ ದಾಖಲೆ. ಹದಿನೈದು ದಿನಗಳಲ್ಲಿ ಇದು ಮೂರನೆಯ ಸಲ.

ಇದು ನಲವತ್ತು ವರ್ಷಗಳ ಹಿಂದಿನ ಮಾತು. ಇದನ್ನು ಪತ್ತೆ ಮಾಡಿದವಳು ನನ್ನ ಹೆಂಡತಿ. ಅವಳು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಬೆಳಗ್ಗೆ ಪ್ರಾರ್ಥನೆಗೆ ಕೂತರೆ ದೇವರಿಗಿಂತ ಮೊದಲು ಅವಳ ಮುಖ ಬರುತ್ತದೆ. ಅದಕ್ಕೆ ಅವನು ಮುನಿಯಲಾರ ಎಂದು ನಂಬಿದ್ದೇನೆ.

ಆಗ ನಾವಿಬ್ಬರೂ ಒಂದೇ ಗಣಕ ಕೇಂದ್ರದಲ್ಲಿದ್ದೆವು; ಡಾಕ್ಟರಮ್ಮ ಆಸ್ಪತ್ರೆಯ ದಾಖಲೆಗಳನ್ನು ನಮ್ಮ ಯಂತ್ರದಲ್ಲೇ ಇಡುತ್ತಿದ್ದರು. ಎರಡು ಬೀರುಗಳಷ್ಟು ದೊಡ್ಡ ಯಂತ್ರ. ಅದರೊಳಗೆ ನಾಲ್ಕು ಪ್ರೊಸೆಸರುಗಳು. ಯಾವ ಕೆಲಸ ಯಾವ ಪ್ರೊಸೆಸರಿಗೆ, ಯಾರಿಗೆ ಎಷ್ಟು ಮೆಮೊರಿ ಎಂದು ಹಂಚಿ ನಡೆಸುವ ಒಳಗಿನ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಅದನ್ನು ಬರೆಯುವುದೇ ನಮ್ಮ ಕೆಲಸ. ಬಿಸಿ ಕಾಗದದ ವಾಸನೆ, ಪರದೆಯ ಮೇಲಿನ ಹಸಿರು ಅಕ್ಷರ, ಒಂದೇ ಮೇಜಿನ ಎರಡು ಕಡೆ ನಾವಿಬ್ಬರು. ಅಂಥ ಸುಖ ಮತ್ತೆ ಸಿಗಲಿಲ್ಲ.

ಯಂತ್ರದ ಕೋಣೆ ಸದಾ ತಣ್ಣಗಿರಬೇಕು. ಅಲ್ಲಿನ ಆಪರೇಟರ್ ವರ್ಷವಿಡೀ ಕಂಬಳಿ ಹೊದ್ದೇ ಕೂರುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕಂಬಳಿ. ಪಿಂಚಣಿಗೆ ಎರಡು ವರ್ಷ ಉಳಿದಿತ್ತು.

ಮೂರು ಸಲವೂ ದಾಖಲೆ ಹೋದದ್ದು ಅವನ ಪಾಳಿಯಲ್ಲಿ. ಕಂಬಳಿಯೊಳಗೆ ತೂಕಡಿಸುತ್ತಾ ಯಾವುದೋ ಕೀಲಿ ಒತ್ತಿ ಅಳಿಸಿದ್ದಾನೆಂದು ಕೇಂದ್ರದ ನಿರ್ದೇಶಕರು ತೀರ್ಮಾನಿಸಿಬಿಟ್ಟಿದ್ದರು. ಶನಿವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಅವನ ಕೆಲಸ ಹೋಗುತ್ತದೆ ಎಂದರು. ಅಂದು ಗುರುವಾರ.

ನನ್ನ ಹೆಂಡತಿ ಮೊದಲು ಡಾಕ್ಟರಮ್ಮನನ್ನು ಕೇಳಿದಳು. ದಾಖಲೆಗಳು ಮೊದಲು ಯಂತ್ರದ ಮೆಮೊರಿಯಲ್ಲಿ ಒಂದು ಜಾಗದಲ್ಲಿರುತ್ತಿದ್ದವು. ಟೇಪಿನ ಪ್ರೋಗ್ರಾಮ್ ಅಲ್ಲಿಂದ ನಕಲು ಮಾಡಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಡಾಕ್ಟರಮ್ಮ ತಮ್ಮ ಪರದೆಯಿಂದ ಒಮ್ಮೆ ಅವುಗಳನ್ನು ತೆರೆದು ನೋಡಿ ಮುಚ್ಚುತ್ತಿದ್ದರು. ಮೂರು ಸಲವೂ ಅಷ್ಟೇ ಮಾಡಿದ್ದಾಗಿ ಹೇಳಿದರು.

ಆಮೇಲೆ ಕಂಬಳಿಯ ಸರದಿ.

"ಅಣ್ಣಾ, ನಿದ್ದೆ ಮಾಡಿದ್ರಾ?"

"ಆ ಚಳೀಲಿ ಹೆಣಕ್ಕೂ ನಿದ್ದೆ ಬರಲ್ಲ ಕಣಮ್ಮಾ."

"ಮತ್ತೆ ಆ ಹೊತ್ತಲ್ಲಿ ಏನು ಮಾಡ್ತಿದ್ರಿ?"

"ನಾಕನೇ ಪ್ರೊಸೆಸರ್ ಫ್ಯಾನು ಕೆಟ್ಟಿದೆಯಲ್ಲ, ಮಧ್ಯಾಹ್ನ ಕಾಯುತ್ತೆ. ಕಾದಾಗ ಅದೊಂದನ್ನ ಆಫ್ ಮಾಡು ಅಂತ ಮೆಕ್ಯಾನಿಕ್ ಹೇಳಿದ್ದ. ಮಾಡ್ದೆ. ಪುಸ್ತಕದಲ್ಲಿ ಬರೆದಿದ್ದೀನಿ."

ಅವಳು ನನ್ನ ಕಡೆ ತಿರುಗಿದಳು. "ಹಾಗೆ ಆಫ್ ಮಾಡಿದ್ರೆ ತೊಂದರೆ ಇದೆಯಾ?"

"ಏನೂ ಇಲ್ಲ. ಅದರ ಕೆಲಸಾನ ಉಳಿದ ಮೂರು ತಗೊಳ್ತವೆ. ನಾನೇ ಬರೆದಿರೋದು," ಎಂದೆ.

ಆ ಸೊಕ್ಕಿಗೆ ಕಾರಣವಿತ್ತು. ಮೆಮೊರಿಯ ಒಂದು ಜಾಗವನ್ನು ಎಷ್ಟು ಪ್ರೋಗ್ರಾಮುಗಳು ಬಳಸುತ್ತಿವೆ ಎಂಬ ಎಣಿಕೆ ಕರ್ನಲ್ ಬಳಿ ಇರಬೇಕು. ಎಣಿಕೆ ಸೊನ್ನೆಯಾದರೆ ಜಾಗ ತೆರವು. ಮೊದಲು ನಾಲ್ಕು ಪ್ರೊಸೆಸರುಗಳಿಗೂ ಸೇರಿ ಒಂದೇ ಎಣಿಕೆ ಇತ್ತು. ಅದನ್ನು ಮುಟ್ಟಲು ಒಂದಕ್ಕೊಂದು ಕಾಯುತ್ತಾ ಇಡೀ ಯಂತ್ರ ತೆವಳುತ್ತಿತ್ತು. ನಾನು ಪ್ರತಿ ಪ್ರೊಸೆಸರಿಗೂ ಅದರದೇ ಎಣಿಕೆ ಕೊಟ್ಟೆ. ಬೇಕಾದಾಗ ಎಲ್ಲವನ್ನೂ ಕೂಡಿದರಾಯಿತು. ಯಂತ್ರ ಕುದುರೆಯಂತೆ ಓಡಿತು. ನಿರ್ದೇಶಕರು ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದ್ದರು.

ಜಾಗ ತೆರವಾದ ಗಳಿಗೆಯಲ್ಲಿ ಯಂತ್ರ ಮುದ್ರಿಸಿದ್ದ ಹಾಳೆಯನ್ನು ಅವಳು ಬಿಡಿಸಿದಳು. ಅದರಲ್ಲಿ ಮೂರು ಸಾಲು. ಮೊದಲನೆಯ ಪ್ರೊಸೆಸರ್: ಒಂದು. ಎರಡನೆಯದು: ಮೈನಸ್ ಒಂದು. ಮೂರನೆಯದು: ಸೊನ್ನೆ. ಒಟ್ಟು ಸೊನ್ನೆ. ಆ ಮೈನಸ್ ಒಂದರ ಮೇಲೆ ಕೆಂಪು ಪೆನ್ಸಿಲಿನ ಗೀಟು ಇತ್ತು.

"ಇದನ್ನ ಹೊಡೆದು ಹಾಕಿದ್ದು ಯಾರು?"

ನಾನೇ ಎಂದೆ. ಬಳಸುವವರು ಸೊನ್ನೆಗಿಂತ ಕಡಿಮೆ ಇರುವುದುಂಟೆ? ಅದು ಕಸ ಎಂದು ನನ್ನ ಅಭಿಪ್ರಾಯ.  ಅವಳು ಹಾಳೆ ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅದನ್ನು ಮತ್ತೆ ತೆಗೆದು ನೋಡಿದಳು.

ಶುಕ್ರವಾರ ಮಧ್ಯಾಹ್ನ ಖಾಲಿ ಟೇಪು ಹಾಕಿಸಿ ಪರೀಕ್ಷೆ ನಡೆಸಿದಳು. ಈ ಸಲ ಆಫ್ ಆದ ಪ್ರೊಸೆಸರಿನ ಎಣಿಕೆಯೂ ಮುದ್ರಣವಾಗುವಂತೆ ಮಾಡಿದ್ದಳು. ಆರು ಸಲ ಏನೂ ಆಗಲಿಲ್ಲ. ಏಳನೆಯ ಸಲ ಟೇಪು ಮೂಕವಾಯಿತು. ಹಾಳೆ ಹರಿದುಕೊಂಡು ಒಬ್ಬಳೇ ಕಿಟಕಿಯ ಬಳಿ ನಿಂತು ಬಹಳ ಹೊತ್ತು ನೋಡಿದಳು.

ಶನಿವಾರ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ನಾನು ಓದಿದೆ. ತಟ್ಟೆ ಪಕ್ಕಕ್ಕೆ ಸರಿಸಿದೆ.

"ತಪ್ಪು ಯಾರದು ಅಂತ ನೀವೇ ಹೇಳ್ತೀರಾ, ನಾನು ಹೇಳ್ಲಾ?" ಎಂದಳು.

ನಾನೇ ಹೇಳುತ್ತೇನೆ ಎಂದೆ.

ಎರಡು ಗಂಟೆಗೆ ನಿರ್ದೇಶಕರ ಕೋಣೆ. ಡಾಕ್ಟರಮ್ಮ ಕುರ್ಚಿಯಲ್ಲಿ. ಕಂಬಳಿ ಬಾಗಿಲ ಬಳಿ; ಅಂದು ಕಂಬಳಿಯನ್ನು ಮಡಚಿ ಕೈಯಲ್ಲಿ ಹಿಡಿದಿದ್ದ. ಅದಿಲ್ಲದೆ ಅವನು ಅರ್ಧ ಆಳಾಗಿ ಕಂಡ. ನನ್ನ ಹೆಂಡತಿ ವಿವರಿಸಿದಳು.

"ನಾಲ್ಕು ಬಾಗಿಲಿನ ಒಂದು ಹಾಲ್ ಅಂದ್ಕೊಳ್ಳಿ. ಪ್ರತಿ ಬಾಗಿಲಿಗೂ ಒಬ್ಬ ಕಾವಲುಗಾರ, ಅವನ ಕೈಲಿ ಒಂದು ಚೀಟಿ. ಒಬ್ಬರು ಒಳಗೆ ಬಂದ್ರೆ ಒಂದು ಕೂಡ್ತಾನೆ. ಹೊರಗೆ ಹೋದ್ರೆ ಒಂದು ಕಳೀತಾನೆ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗಬಹುದು. ಕರ್ನಲ್ ಬಿಡುವಾದ ಪ್ರೊಸೆಸರಿಗೆ ಕೆಲಸ ಸಾಗಿಸ್ತಾನೇ ಇರುತ್ತಲ್ಲ."

"ಹಾಗಾದ್ರೆ ಒಬ್ಬನ ಚೀಟೀಲಿ ಮೈನಸ್ ಬರಬಹುದು," ಎಂದರು ನಿರ್ದೇಶಕರು.

"ಬರಲೇಬೇಕು. ಎಲ್ಲರೂ ಕಸ ಅಂದ್ಕೊಂಡ ಆ ಮೈನಸ್ ಒಂದು ನಿಜಾನೇ ಹೇಳ್ತಿತ್ತು. ಡಾಕ್ಟರಮ್ಮನ ಪ್ರೋಗ್ರಾಮ್ ಒಂದನೇ ಬಾಗಿಲಲ್ಲಿ ಬಂದು ಎರಡನೇದರಲ್ಲಿ ಹೋಗಿದೆ. ಅಲ್ಲಿಗೆ ಅದು ಚುಕ್ತಾ. ಆದರೆ ಟೇಪಿನ ಪ್ರೋಗ್ರಾಮ್ ಇನ್ನೂ ಒಳಗೇ ಇತ್ತು. ಟೇಪು ತಿರುಗ್ತಿತ್ತಲ್ಲ? ಅದು ಬಂದ ಗುರುತು ಎಲ್ಲಿ? ಮೂರು ಚೀಟೀಲೂ ಇಲ್ಲ."

ಅವಳು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಅದು ಬಂದದ್ದು ನಾಲ್ಕನೇ ಬಾಗಿಲಲ್ಲಿ. ಆ ಕಾವಲುಗಾರನನ್ನ ನಡುವೆ ಮನೆಗೆ ಕಳಿಸಿದ್ರು. ಚೀಟಿ ಅವನ ಜೇಬಲ್ಲೇ ಹೋಯ್ತು. ಉಳಿದ ಮೂರನ್ನ ಕೂಡಿದ್ರೆ ಸೊನ್ನೆ. ಒಳಗೆ ಯಾರೂ ಇಲ್ಲ ಅಂತ ಕರ್ನಲ್ ಹಾಲ್ ಖಾಲಿ ಮಾಡಿಸ್ತು. ನಿನ್ನೆ ನಾಲ್ಕನೇ ಚೀಟೀನೂ ತೆಗೆಸಿ ನೋಡ್ದೆ. ಅದರಲ್ಲಿ ಒಂದು ಇತ್ತು."

"ಅಂದ್ರೆ ಆಫ್ ಮಾಡಿದವನದೇ ತಪ್ಪು?" ನಿರ್ದೇಶಕರು ಬಾಗಿಲ ಕಡೆ ನೋಡಿದರು.

"ಅಲ್ಲ. ಅದು ಅವರಿಗೆ ಹೇಳಿದ್ದ ಕೆಲಸ. ಕಾವಲುಗಾರ ಹೋದರೂ ಅವನ ಚೀಟಿ ಲೆಕ್ಕಕ್ಕೆ ಬರಬೇಕಿತ್ತು. ಇರೋರನ್ನ ಮಾತ್ರ ಕೇಳಿದ್ರೆ ಸಾಕು ಅಂತ ಒಂದು ಸಾಲು ಬರೆದಿದ್ದಾರೆ. ತಪ್ಪು ಆ ಸಾಲಲ್ಲಿದೆ."

"ಬರೆದವರು ಯಾರು?"

ಅವಳು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತಾ ಕಾದಳು.  ನಾಲಿಗೆಯ ತುದಿಗೆ ಮಾತು ಬಂದಿತ್ತು. ಬೆನ್ನು ತಟ್ಟಿದ ಆ ಕೈ ಎದುರಿಗೇ ಮೇಜಿನ ಮೇಲಿತ್ತು. ನನ್ನ ಬಾಯಿ ತೆರೆಯಲಿಲ್ಲ.

"ನಮ್ಮ ಯಜಮಾನ್ರು," ಎಂದಳು.

ದನಿ ಏರಲಿಲ್ಲ, ಇಳಿಯಲೂ ಇಲ್ಲ.

ನಿರ್ದೇಶಕರು ನನಗೆ ಸೋಮವಾರದೊಳಗೆ ಸರಿಪಡಿಸಿ ಎಂದಷ್ಟೇ ಹೇಳಿದರು. ಕಂಬಳಿಗೆ ಕೆಲಸಕ್ಕೆ ಹೋಗು ಎಂದರು. ಅವನು ಹೊರಗೆ ನನಗಾಗಿ ಕಾಯುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ.

"ನಾನು ಆಫ್ ಮಾಡ್ದೆ ಇದ್ದಿದ್ರೆ ನಿಮಗೆ ಈ ಅವಮಾನ ಆಗ್ತಿರಲಿಲ್ಲ. ಬೇಜಾರು ಮಾಡ್ಕೋಬೇಡಿ ಸಾರ್," ಎಂದ. ಕಂಬಳಿ ಹೊದ್ದುಕೊಂಡು ಒಳಗೆ ಹೋದ.

ಸಂಜೆ ಬಸ್ಸಿಗೆ ಕಾಯದೆ ಇಬ್ಬರೂ ನಡೆದೇ ಮನೆಗೆ ಹೋದೆವು. ಬೀದಿ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ನಾನು ಹೇಳುತ್ತೇನೆಂದು ಹೇಳಿ ಸುಮ್ಮನಿದ್ದುದನ್ನು ಅವಳು ಈಗ ಎತ್ತುತ್ತಾಳೆ, ಇನ್ನು ಎತ್ತುತ್ತಾಳೆ ಎಂದು ದಾರಿಯುದ್ದಕ್ಕೂ ಕಾದೆ. ಅವಳು ತರಕಾರಿ ಅಂಗಡಿಯಲ್ಲಿ ನಿಂತು ಏನು ತಗೊಳ್ಳಲಿ ಎಂದು ಕೇಳಿದಳು.

ಆಮೇಲೆ ಮೂವತ್ತೊಂಬತ್ತು ವರ್ಷದ ಸಂಸಾರ. ಎಷ್ಟೋ ಜಗಳವಾಡಿದೆವು. ನನ್ನನ್ನು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಲು ಆ ಶನಿವಾರ ಅವಳ ಕೈಯಲ್ಲೇ ಇತ್ತು. ಒಮ್ಮೆಯೂ ಎತ್ತಲಿಲ್ಲ.