ಎಕಂಬಾಕ್ಕೆ ಬಂದ ಕೆಂಪು ಮಣ್ಣು

ಮಾರ್ಥಾಬಾಯಿ ಸೊಸೆಯ ತಗಡಿನ ಪೆಟ್ಟಿಗೆಯ ಮುಂದೆ ಕುಳಿತಿದ್ದಳು. ಅವಳು ಹುಡುಕಿದ್ದು ಮಗನ ಅಂಗಿಯನ್ನು. ಮುಂಬಯಿಯಲ್ಲಿ ತೀರಿಕೊಂಡ ಆಮೋಸನ ಒಂದು ಅಂಗಿಯಾದರೂ ಇದ್ದೀತು, ಮೂಗಿಗೆ ಒತ್ತಿಕೊಂಡರೆ ಅವನ ಬೆವರಿನ ವಾಸನೆಯಾದರೂ ಉಳಿದೀತು ಎಂಬ ಆಸೆ. ಬಾಯಿ ಬಿಟ್ಟು ಕೇಳಲು ಅಭಿಮಾನ ಬಿಡಲಿಲ್ಲ. ಸೊಸೆ ನೀರಿಗೆ ಹೋದ ಹೊತ್ತು ನೋಡಿ ಪೆಟ್ಟಿಗೆ ತೆರೆದಿದ್ದಳು. ಸಿಕ್ಕಿದ್ದು ಅಂಗಿಯಲ್ಲ... ಒಂದು ಗಂಟು. ಬಿಚ್ಚಿದರೆ ಎರಡು ಬೊಗಸೆಯಷ್ಟು ಕೆಂಪು ಪುಡಿ.

ಯಾರೋ ಮಂತ್ರಿಸಿ ಕೊಟ್ಟದ್ದು! ಮತ್ತೇನಿದ್ದೀತು?

ಸೊಸೆ ಶೇವಂತಾ ಜನವಾಡದ ಹುಡುಗಿ. ಬೀದರಿನ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದು ಎಂಟು ದಿನಕ್ಕೆ ಆಮೋಸನ ಕೈ ಹಿಡಿದವಳು. ಸ್ನಾನದ ನೀರು ಮೈಮೇಲೆ ಬಿದ್ದೀತು, ಮನಸ್ಸಿನ ಮೇಲೆ ಬಿದ್ದಿದೆಯೋ ಇಲ್ಲವೋ ಎಂದು ಮಾರ್ಥಾಬಾಯಿಗೆ ಅಂದಿನಿಂದಲೂ ಅನುಮಾನ. ಹೆಸರು ಹಿಡಿದು ಕರೆದವಳಲ್ಲ, ‘ಜನವಾಡದಾಕಿ’ ಎನ್ನುವಳು. ಎಪ್ಪತ್ತೆರಡರ ಬರದಲ್ಲಿ ಆ ಗಂಡ ಹೆಂಡತಿ ಭಾಲ್ಕಿಗೆ ಹೋಗಿ ರೈಲು ಹತ್ತಿದರು. ಮೂರು ದಿನದ ಹಿಂದೆ ಹೆಂಡತಿಯೊಬ್ಬಳೇ ಇಳಿದು ಎಕಂಬಾದ ಮನೆಗೆ ಬಂದಳು. ಕಾಮಾಲೆಯಂತೆ. ಹೂಳಿದ್ದೂ ಅಲ್ಲೇ ಅಂತೆ. ‘ಕರ್ಕೊಂಡು ಹೋದಿ, ಬಿಟ್ಟು ಬಂದಿ’ ಎಂದು ಮಾರ್ಥಾಬಾಯಿ ಆ ದಿನ ಅಂದದ್ದೇ ಕೊನೆ. ಆಮೇಲೆ ಮನೆಯಲ್ಲಿ ಮಾತೇ ಇರಲಿಲ್ಲ.

ಮಾರ್ಥಾಬಾಯಿ ಗಂಟು ಹಿಡಿದು ಹಿತ್ತಲಿಗೆ ನಡೆದಳು. ಬತ್ತಿದ ಬಾವಿಯ ಆಚೆ, ಬಾಯಿ ಬಿಟ್ಟ ಕರಿನೆಲದ ಮೇಲೆ ಅದನ್ನು ಕೊಡವಿದಳು. “ಕರ್ತನೇ, ನಿನ್ನ ಮನಿ ಶುದ್ಧ ಮಾಡೇನಿ” ಎಂದು ಕಣ್ಣು ಮುಚ್ಚಿದಳು. ಒಳಗೆ ಬಂದು ಗೋಡೆಗೆ ಒರಗಿದವಳಿಗೆ ಮಂಪರು ಕವಿಯಿತು.

ಮಂಪರಿನಲ್ಲಿ ಆಮೋಸ ಹೊಸ್ತಿಲ ಆಚೆ ನಿಂತಿದ್ದ. ಪಾದದ ತುಂಬ ಕೆಂಪು ಮಣ್ಣು. ಒಳಗೆ ಬಾರೋ ಅಂದರೆ ಬರಲೊಲ್ಲ. ‘ಅವ್ವಾ, ಕಾಲು ಹೊಲಸಾಗ್ಯಾವ’ ಎಂದು ಚಿಕ್ಕಂದಿನ ಹಾಗೆ ನಕ್ಕ. ಅವನ ಹಿಂದೆ ಬಯಲೆಲ್ಲ ಜೋಳ ತೆನೆ ಬಿಟ್ಟು ತೂಗುತ್ತಿತ್ತು...

ಕೊಡ ಇಳಿಸಿದ ಸದ್ದಿಗೆ ಎಚ್ಚರವಾಯಿತು. ಶೇವಂತಾ ತೆರೆದ ಪೆಟ್ಟಿಗೆಯ ಮುಂದೆ ನಿಂತಿದ್ದಳು, ಕೈಯಲ್ಲಿ ಖಾಲಿ ಬಟ್ಟೆ.

“ಅತ್ತಿ, ಇದರಾಗ ಇದ್ದದ್ದು ಎಲ್ಲೈತ್ರಿ?”

“ಚೆಲ್ಲೇನಿ. ನನ್ನ ಮನ್ಯಾಗ ಮಂತ್ರದ ಪುಡಿ ನಡಿಯೂದಿಲ್ಲ.”

“ಮಂತ್ರದ್ದಲ್ರಿ ಅದು.” ಅವಳ ದನಿ ಏರಲಿಲ್ಲ. “ಅವರ ಸಮಾಧಿ ಮ್ಯಾಲಿನ ಮಣ್ಣು. ಅವರೇ ಹೇಳಿದ್ರು, ಅಪ್ಪನ ಸಮಾಧಿ ಬಾಜೂಕ ಹಾಕು, ಅವ್ವಗ ಕೂತು ಅಳಲಿಕ್ಕ ಒಂದು ಜಾಗಾ ಬೇಕು ಅಂತ. ರವಿವಾರ ಔರಾದದಿಂದ ಪಾದ್ರಿ ಅಯ್ಯನವರು ಬರ್ತಾರಲ್ರಿ, ಅವರ ಮುಂದ ನಿಮ್ಮ ಕೈಯಾಗ ಕೊಡಬೇಕಂತ ಇಟ್ಟಿದ್ದೆ.”

“ಮೊದಲ... ಯಾಕ ಹೇಳಲಿಲ್ಲ?”

“ನೀವು ಮಾತಾಡಿಸಿದ್ರ ಅಲ್ಲೇನ್ರಿ ಹೇಳೂದು?”

ಮಾರ್ಥಾಬಾಯಿಗೆ ಗೋಡೆ ಹಿಂದಕ್ಕೆ ಸರಿದಂತಾಯಿತು. ತಾನು ಹೆತ್ತು, ಎತ್ತಿ, ನೆತ್ತಿಗೆ ಎಣ್ಣೆ ಒತ್ತಿ ಬೆಳೆಸಿದ ಮಗ ಮನೆಯವರೆಗೂ ಬಂದಿದ್ದ. ಬಂದವನನ್ನು ತನ್ನ ಕೈಯಾರೆ ಹಿತ್ತಲಿಗೆ ಚೆಲ್ಲಿದ್ದಳು, ಅದೂ ದೇವರ ಹೆಸರು ಹೇಳಿ... ಅವಳು ಅಳಲಿಲ್ಲ. ಜೋಳ ಹಸನು ಮಾಡುವ ಮೊರ ತೆಗೆದುಕೊಂಡು ಹೊರಗೆ ಓಡಿದಳು.

ಕರಿನೆಲದ ಮೇಲೆ ಕೆಂಪು ಹಾಗೇ ಕಾಣುತ್ತಿತ್ತು. ಬಿರುಕಿನಲ್ಲಿ ಇಳಿದದ್ದು ಇಳಿದಿತ್ತು. ಉಳಿದದ್ದನ್ನು ಇಬ್ಬರೂ ಮೊಣಕಾಲೂರಿ ಚಿಟಿಕೆ ಚಿಟಿಕೆಯಾಗಿ ಆರಿಸತೊಡಗಿದರು. ಆರಿಸುತ್ತ ಶೇವಂತಾ ಹೇಳಿದಳು, ತನಗೆ ತಾನೇ ಹೇಳಿಕೊಂಡ ಹಾಗೆ. ತಾನು ನಲವತ್ತು ದಿನ ದವಾಖಾನೆಯ ನೆಲದ ಮೇಲೆ ಮಲಗಿದ್ದು, ಹಗಲು ಗಾರೆ ಹೊತ್ತು ಸಂಜೆ ಅವನ ಬಾಯಿಗೆ ಗಂಜಿ ಹಾಕಿದ್ದು... “ಕಡೀಕ ಅವರಿಗೆ ಪ್ರಾರ್ಥನಿ ಮಾಡಲಿಕ್ಕ ದನಿ ಇರಲಿಲ್ರಿ. ನನಗ ಪೂರ್ತಿ ಬರ್ತಿರಲಿಲ್ಲ. ಬಂದಷ್ಟು ನಾನೇ ಹೇಳಿದೆ. ತಪ್ಪಿದಲ್ಲಿ ನಕ್ಕರು.”

ಮಾರ್ಥಾಬಾಯಿಯ ಬೆರಳು ನಿಂತಿತು. ದೀಕ್ಷಾಸ್ನಾನದ ನೀರು ಎಲ್ಲಿಯವರೆಗೆ ಇಳಿದಿತ್ತೆಂದು ಅವಳಿಗೆ ಈಗ ತಿಳಿಯಿತು.

ಆಗ ಬೆಳಕು ಮಂಕಾಯಿತು. ತಲೆ ಎತ್ತಿದರೆ ಪಡುವಣದಿಂದ ಮೋಡ! ಎರಡು ವರ್ಷ ಕಾಣದ ಕಪ್ಪು ಮೋಡ, ಊರ ಮೇಲೆ ಹೊದಿಕೆಯ ಹಾಗೆ ಬರುತ್ತಿತ್ತು. ದೂರದಲ್ಲಿ ಜನ ಕೂಗುವುದು ಕೇಳಿಸಿತು. ತಂಪು ಗಾಳಿ ಬೀಸಿ ಮೊರದ ಮಣ್ಣು ಅಲುಗಿತು. ಶೇವಂತಾ ಅದರ ಮೇಲೆ ಸೆರಗು ಹಾಸಿ ಬಾಗಿದಳು.

ದಿನಕ್ಕೆ ಮೂರು ಸಲ ಮಳೆಗಾಗಿ ಮೊಣಕಾಲೂರಿದ ಮುದುಕಿ ಈಗ ಕೆಂಪಾದ ಕೈಗಳನ್ನು ಮೇಲೆತ್ತಿ ಪಿಸುಗುಟ್ಟಿದಳು: “ಇವತ್ತು ಬ್ಯಾಡ, ತಂದೀ. ಇವತ್ತೊಂದಿನ ತಡಿ...”

ಮೋಡ ತಲೆಯ ಮೇಲೆ ಬಹಳ ಹೊತ್ತು ನಿಂತಿತು. ಒಂದು ಹನಿಯೂ ಬೀಳಲಿಲ್ಲ. ಬಂದ ಹಾಗೆಯೇ ಮೆಲ್ಲಗೆ ಭಾಲ್ಕಿಯ ಕಡೆ ಸರಿದುಹೋಯಿತು.

ಕೊನೆಗೆ ಸಿಕ್ಕಿದ್ದು ಒಂದು ಬೊಗಸೆ. ರವಿವಾರ ಪಾದ್ರಿಗಳು ಪ್ರಾರ್ಥಿಸಿದರು. ಮಾರ್ಥಾಬಾಯಿ ಆ ಬೊಗಸೆಯನ್ನು ಗಂಡನ ಸಮಾಧಿಯ ಪಕ್ಕದಲ್ಲಿ ಸುರಿದು, ಸುತ್ತ ನಾಲ್ಕು ಕಲ್ಲಿಟ್ಟಳು. ಪಾದ್ರಿಗಳು ಹೊರಡುವಾಗ ನಿಟ್ಟುಸಿರಿಟ್ಟರು. “ಮೊನ್ನಿ ಮೋಡ ಬಂದಿತ್ತು. ಯಾರ ಪಾಪಕ್ಕ ತಿರುಗಿ ಹೋಯ್ತೋ.”

“ನಂದೇ ಇರಬೇಕ್ರಿ, ಅಯ್ಯನವರೇ,” ಎಂದಳು ಮಾರ್ಥಾಬಾಯಿ ತಲೆ ತಗ್ಗಿಸಿ. ಶೇವಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಮನೆಗೆ ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು. ಕಣ್ಣಲ್ಲಿ ನೀರೂ ಇತ್ತು.

ಮರುದಿನ ಅವಳು ಮುಂಬಯಿಗೆ ಮರಳಬೇಕು. ಕೂಲಿಯವರ ಗುಂಪು ಔರಾದದಿಂದ ಹೊರಡುವುದಿತ್ತು. ಬೆಳಗಾಗುವಷ್ಟರಲ್ಲಿ ಪೆಟ್ಟಿಗೆ ಹೊತ್ತು ಹೊಸ್ತಿಲು ದಾಟಿದವಳು ಹಿಂದೆ ಕೀಲಿ ಹಾಕಿದ ಸದ್ದು ಕೇಳಿ ತಿರುಗಿದಳು. ಅತ್ತೆಯ ಬಗಲಲ್ಲಿ ಒಂದು ಗಂಟು, ಕೈಯಲ್ಲಿ ಸತ್ಯವೇದ.

“ಎಲ್ಲಿಗ್ರಿ, ಅತ್ತಿ?”

“ನಿನ್ನ ಕೂಡ.”

“ಈಗಷ್ಟೇ ಮಣ್ಣು ಕೊಟ್ಟೀರಿ... ಅವರ ಹತ್ತಿರ ಕೂಡೂದಿಲ್ಲೇನ್ರಿ?”

ಮಾರ್ಥಾಬಾಯಿ ಸಮಾಧಿಗಳಿದ್ದ ದಿಕ್ಕಿಗೆ ನೋಡಿದಳು. ಅಲ್ಲಿ ಮಂಜಿನಂಥ ಧೂಳು ಬೆಳಗಿನಲ್ಲಿ ಹೊಳೆಯುತ್ತಿತ್ತು.

“ಅವನ ಹತ್ತಿರ ದೇವರು ಅದಾನ. ಅಲ್ಲಿ ನಿನ್ನ ಹತ್ತಿರ ಯಾರು ಅದಾರ?”

ಔರಾದದ ಬಸ್ ನಿಲ್ದಾಣದಲ್ಲಿ ಗುಂಪನ್ನು ಕೂಲಿಗೆ ಕರೆದೊಯ್ಯುವ ಮುಕಾದಮ ಗುಲಾಮ ರಸೂಲ ಮುದುಕಿಯನ್ನು ಮೇಲಿಂದ ಕೆಳಗೆ ನೋಡಿದ. “ಅಮ್ಮಾ, ನೀವೂ ಗಾರಿ ಹೊರಲಿಕ್ಕ ಬಂದೀರೇನು?”

“ರೊಟ್ಟಿ ಬಡಿಲಿಕ್ಕ ಬಂದೇನಿ. ನಿನಗೂ ಎರಡು ಹಾಕ್ತೇನಿ, ಹತ್ತಿಸ್ಕೋ.”

“ಯಾರ ಪೈಕಿ ನೀವು?”

ಹೆಸರು ಹೇಳಬೇಕೆಂದು ಶೇವಂತಾ ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಿ ಅವಳ ಕೈ ಹಿಡಿದಿದ್ದಳು. ಎರಡೂ ಕೈಗಳ ಉಗುರಿನಲ್ಲಿ ಆ ಕೆಂಪು ಇನ್ನೂ ಹೋಗಿರಲಿಲ್ಲ.

“ಈಕಿ ಪೈಕಿ,” ಎಂದಳು ಮಾರ್ಥಾಬಾಯಿ. “ಶೇವಂತಾನ ಅತ್ತಿ ನಾನು.”